ಬೀಳದ ರೋಗಿಗಳ ಆಸ್ಪತ್ರೆ

ನಮ್ಮ ಆಸ್ಪತ್ರೆಯಲ್ಲಿ ಕಳೆದ ನಾಲ್ಕು ತಿಂಗಳಿಂದ ಒಬ್ಬ ರೋಗಿಯೂ ಮಂಚದಿಂದ ಬಿದ್ದಿಲ್ಲ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಆಸ್ಪತ್ರೆ ಯಾವ ಊರಿನದು ಎಂದು ಕೇಳಬೇಡಿ. ಹೇಳಲು ನನಗೆ ಅಧಿಕಾರವಿಲ್ಲ. ನಾನು ಬೀಳುವಿಕೆ ತಡೆ ಸಮಿತಿಯ ಗುಮಾಸ್ತ ಕಂಠಪ್ಪ, ಅಷ್ಟೇ.

ಮೊದಲು ಬೀಳುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಮಂಚದ ಪಕ್ಕದ ಕಂಬಿಗಳು ಕಿತ್ತುಹೋಗಿದ್ದವು. ಹೊಸ ಕಂಬಿ ಕೇಳಿ ಬರೆದ ಪತ್ರಕ್ಕೆ ‘ಮೊದಲು ಬೀಳುವವರ ಸಂಖ್ಯೆ ಸೊನ್ನೆಗೆ ತನ್ನಿ, ನಂತರ ಪರಿಶೀಲಿಸಲಾಗುವುದು’ ಎಂದು ಮೇಲಿನಿಂದ ಉತ್ತರ ಬಂತು. ನ್ಯಾಯವಾದ ಮಾತೇ.

ದಾರಿ ತೋರಿಸಿದವರು ರೋಗಿಗಳು. ನೋಡಲು ಬಂದ ನೆಂಟರನ್ನು ನೆಲದ ಮೇಲೆ ಕೂರಿಸುವುದು ನಮ್ಮ ಕಡೆ ಮರ್ಯಾದೆಯಲ್ಲ. ಅಳಿಯ ಬಂದರೆ ಗ್ಲೂಕೋಸ್ ಹಾಕಿಸಿಕೊಂಡಿರುವ ಮಾವನೇ ಎದ್ದು ಮಂಚ ಬಿಟ್ಟುಕೊಟ್ಟು, ಕೆಳಗೆ ಚಾಪೆ ಹಾಸಿಕೊಳ್ಳುತ್ತಾನೆ. ಚಾಪೆಯಲ್ಲಿರುವವನು ಎಲ್ಲಿಗೆ ಬಿದ್ದಾನು? ವೈದ್ಯಾಧಿಕಾರಿ ಶಿವಶಂಕರ್ ಸಾಹೇಬರಿಗೆ ಇದು ಹೊಳೆದ ದಿನವೇ ಸುತ್ತೋಲೆ ಹೊರಟಿತು: ‘ಇನ್ನು ಮುಂದೆ ರೋಗಿಗಳು ನೆಲದ ಮೇಲೂ, ನೋಡಿಕೊಳ್ಳುವವರು ಮಂಚದ ಮೇಲೂ ಮಲಗತಕ್ಕದ್ದು. ನೋಡಿಕೊಳ್ಳುವವರು ಬಿದ್ದಲ್ಲಿ ಅದನ್ನು ಬೀಳುವಿಕೆ ಎಂದು ಪರಿಗಣಿಸತಕ್ಕದ್ದಲ್ಲ.’

ಭೇರ್ಯದ ಕಡೆಯ ಕೆಂಪಾಜಮ್ಮ ತಲೆಸುತ್ತು ಎಂದು ಬಂದು ಸೇರಿದ್ದರು. ಇನ್ನೊಂದು ಸಲ ಬಿದ್ದರೆ ಸೊಂಟ ಉಳಿಯುವುದಿಲ್ಲ ಎಂದು ಸಾಹೇಬರೇ ಎಚ್ಚರಿಸಿದ್ದರು. ಅವರು ಚಾಪೆಯಲ್ಲಿ, ಮಗ ಚಿಕ್ಕಮಾದು ಮಂಚದಲ್ಲಿ. ಮೂರನೆಯ ಮಧ್ಯಾಹ್ನ ಅವನು ಮಗ್ಗುಲು ಬದಲಿಸಲು ಹೋಗಿ ಧೊಪ್ಪನೆ ಬಿದ್ದು ಕಾಲು ಮುರಿದುಕೊಂಡ. ಪುಣ್ಯಕ್ಕೆ ತಾಯಿ ಬಚ್ಚಲಿಗೆ ಹೋಗಿದ್ದರು.

ಬೀಳುವಾಗ ಅವನು ರೋಗಿಯಲ್ಲ; ಬಿದ್ದ ಮೇಲಷ್ಟೇ ರೋಗಿ. ಹಾಗಾಗಿ ಕಡತಕ್ಕೆ ಕಳಂಕ ತಟ್ಟಲಿಲ್ಲ. ಕಾಲಿಗೆ ಪಟ್ಟಿ ಹಾಕಿ ಅವನಿಗೂ ಚಾಪೆ ಕೊಟ್ಟೆವು. ಆದರೆ ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆಂಪಾಜಮ್ಮನವರನ್ನು ಆಗಲೇ ಡಿಸ್ಚಾರ್ಜ್ ಮಾಡಿ, ನೋಡಿಕೊಳ್ಳುವವರು ಎಂದು ಪಾಸ್ ಬರೆದೆ.

ಸಿಸ್ಟರ್ ಸುನಂದಮ್ಮ ಮಂಚ ತೋರಿಸಿದರು. “ಹತ್ತಿ ಅಜ್ಜಿ.”

“ನಂಗೆ ತಲೆ ಗಿರ್ ಅಂತದೆ ಕಣವ್ವ. ಇಲ್ಲೇ ಮಗನ ಪಕ್ಕ ಒರಗ್ಕತೀನಿ ಬುಡು.”

“ನೆಲ ರೋಗಿಗಳಿಗೆ ಅಜ್ಜಿ. ನೀವೀಗ ರೋಗಿಯಲ್ಲ.”

“ಬಿದ್ದೋದ್ರೆ ಏನವ್ವ ಗತಿ?”

ನಾನು ಬಿದ್ದವರ ರಿಜಿಸ್ಟರ್ ತೆರೆದು ತೋರಿಸಿ ಧೈರ್ಯ ಹೇಳಿದೆ: “ಏನೂ ಯೋಚನೆ ಮಾಡ್ಬೇಡಿ ಅಮ್ಮ. ನೀವು ಬಿದ್ರೂ ಇದ್ರಲ್ಲಿ ಬರಲ್ಲ.”

ಕೆಳಗಿನಿಂದ ಚಿಕ್ಕಮಾದು, “ಹತ್ತವ್ವ, ಅಷ್ಟು ಹೇಳ್ತಾವ್ರಲ್ಲ” ಎಂದ. ಕೆಂಪಾಜಮ್ಮ ಹತ್ತಿದರು. ಸೆರಗಿನ ತುದಿಯನ್ನು ಮಂಚಕ್ಕೆ ಸುತ್ತಿ ಎರಡು ಗಂಟು ಹಾಕಿಕೊಂಡು ಕಣ್ಣು ಮುಚ್ಚಿದರು.

ಮರುದಿನ ಸಾಹೇಬರು ಆ ಗಂಟನ್ನು ಕಂಡು ಬಹಳ ಮೆಚ್ಚಿಕೊಂಡರು. ಈಗ ನಮ್ಮಲ್ಲಿಗೆ ಸೇರಲು ಬರುವವರು ಆಧಾರ್ ಕಾರ್ಡಿನ ಜೊತೆ ಮೂರು ಮೊಳ ಹಗ್ಗವನ್ನೂ ತರುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ.