‘ಹೊಸ ಕಾರ್ಡು ಬರುವ ತನಕ’ ಎಂಬ ಷರತ್ತನ್ನು ತೆಗೆದುಹಾಕುವ ಬಗ್ಗೆ

ಇಂದ,
ಯೂ ಜೆನ್-ಫಾ (ಮನೆಯಲ್ಲಿ ಆ-ಫಾ), ಬಿನ್ ಗಡಿಯಾರ ರಿಪೇರಿಯ ದಿವಂಗತ ಯೂ ಚಿನ್-ಶುಯ್,
ಜನನ: ಗಣರಾಜ್ಯ ವರ್ಷ 66 (ಕ್ರಿ.ಶ. 1977), ಚಾಂದ್ರಮಾನ ಏಳನೇ ತಿಂಗಳ ಇಪ್ಪತ್ತಮೂರು, ಕೋಳಿ ಕೂಗುವ ಹೊತ್ತು,
ಮಳಿಗೆ ಸಂಖ್ಯೆ 37, ಮೂರನೇ ಮಹಡಿ, ಕಂಪ್ಯೂಟರ್ ಮಾರುಕಟ್ಟೆ, ತೈಪೆ.

(ಹೆಸರು, ಜನ್ಮದಿನ, ವಿಳಾಸ ಮೂರನ್ನೂ ಕಾಣಿಸದಿದ್ದರೆ ಅರ್ಜಿದಾರ ಯಾರೆಂದು ತಮಗೆ ಪತ್ತೆಯಾಗುವುದಿಲ್ಲ ಎಂಬ ನಿಯಮದಂತೆ ಕಾಣಿಸಲಾಗಿದೆ.)

ಗೆ,
ಶ್ರೀ ಭೂಮಿತಾತನವರ ಸನ್ನಿಧಿಗೆ,
ಈ ವಾರ್ಡಿನ ಕಾವಲು ದೇವರು,
ಮಾರುಕಟ್ಟೆಯ ಹಿಂದಿನ ಗುಡಿ, ಸ್ಕೂಟರ್ ನಿಲ್ಲಿಸುವ ಜಾಗದ ಪಕ್ಕ, ತೈಪೆ.

(ಸೂಕ್ತ ಮಾರ್ಗದ ಮೂಲಕ, ಅಂದರೆ ಗುಡಿಯ ಮುಂದಿನ ಕಾಗದ ಸುಡುವ ಒಲೆಯ ಮೂಲಕ.)

ವಿಷಯ: ಅರ್ಜಿದಾರನ ತಾಯಿಯ ಕಣ್ಣಿನ ಮಂಜೂರಾತಿಯಲ್ಲಿರುವ ಷರತ್ತಿನ ತಿದ್ದುಪಡಿ ಕೋರಿ.

ಉಲ್ಲೇಖ: 1. ಕಳೆದ ವರ್ಷ ಎರಡನೇ ತಿಂಗಳ ಎರಡರಂದು ಸಲ್ಲಿಸಿದ ಅರ್ಜಿ (ತಾವು ನಕ್ಕಿದ್ದು).
2. ಅದೇ ತಿಂಗಳ ಹದಿನಾರರಂದು ಸಲ್ಲಿಸಿದ ಅರ್ಜಿ (ತಾವು ಸತತ ಮೂರು ಸಲ ಒಪ್ಪಿದ್ದು).
3. ಪಕ್ಕದ ಮಳಿಗೆಯ ಪೆಂಗ್ ಅಕ್ಕನವರ ಮೌಖಿಕ ಸೂಚನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ದೇವಲೋಕದ ಕಚೇರಿಯಲ್ಲಿ ಎಲ್ಲರಿಗಿಂತ ಕೆಳಗಿನ ಹುದ್ದೆಯವರು, ಶ್ಯಾನುಭೋಗರ ಮಟ್ಟದವರು. ಇದನ್ನು ಅಗೌರವದಿಂದ ಹೇಳಿದ್ದಲ್ಲ. ಮೇಲಿನವರಿಗೆ ಕಡಲು, ಬಿರುಗಾಳಿ, ಭೂಕಂಪಗಳ ಉಸಾಬರಿ ಇರುವ ಕಾರಣ, ಒಬ್ಬ ಮುದುಕಿಯ ಕಣ್ಣಿನ ಫೈಲು ತೆಗೆದು ನೋಡುವ ಪುರುಸೊತ್ತು ತಮಗಲ್ಲದೆ ಬೇರೆ ಯಾರಿಗೂ ಇಲ್ಲ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಪರಾಂಬರಿಸಬೇಕಾಗಿ ಕೋರಿಕೆ.

1. ಅರ್ಜಿದಾರನು ಇಪ್ಪತ್ತೆರಡು ವರ್ಷಗಳಿಂದ ಗ್ರಾಫಿಕ್ಸ್ ಕಾರ್ಡು ಮಾರುತ್ತಿದ್ದಾನೆ. ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡಿಸುವ ಈ ಇಟ್ಟಿಗೆ ಗಾತ್ರದ ವಸ್ತು ಎರಡು ವರ್ಷಕ್ಕೊಮ್ಮೆ ಹೊಸ ತಲೆಮಾರು ಹಡೆಯುತ್ತದೆ. ಇರುವ ಕಾರ್ಡನ್ನು ಮಾರುಕಟ್ಟೆಯಲ್ಲಿ ಯಾರೂ ಹೊಗಳುವುದಿಲ್ಲ, ಬರಲಿರುವುದರದ್ದೇ ಜಪ. ಅದಕ್ಕೆ ಫ್ಯಾನು ಎರಡೋ ಮೂರೋ ಎಂದು ಚಹಾ ಆರುವವರೆಗೆ ಜಗಳವಾಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ. ಗಿರಾಕಿ ಬರುತ್ತಾನೆ, ಕಾರ್ಡನ್ನು ಕೈಯಲ್ಲಿ ತೂಗಿ ನೋಡುತ್ತಾನೆ, “ಹೊಸದು ಬರ್ತಿದೆಯಂತಲ್ಲ, ತಡೀತೀನಿ ಬಿಡಿ” ಎಂದು ವಾಪಸ್ ಇಟ್ಟು ಹೋಗುತ್ತಾನೆ. ಅರ್ಜಿದಾರನು ಇದಕ್ಕೆ ಸಿಟ್ಟು ಮಾಡುವಂತಿಲ್ಲ. ಹಾಗೆ ತಡೆಯುವವರಲ್ಲಿ ಅವನೇ ಮೊದಲಿಗ.

2. ರೈಲು ಹಳಿಯನ್ನು ನೆಲದೊಳಕ್ಕೆ ಇಳಿಸುವಾಗ ಅದರ ಪಕ್ಕದ ಓಣಿಯನ್ನು ನೆಲಸಮ ಮಾಡಿದರು. ಅರ್ಜಿದಾರ ಹುಟ್ಟಿದ್ದು ಸದರಿ ಓಣಿಯಲ್ಲಿ. ಆಗ ಅವನಿಗೆ ಏಳು ವರ್ಷ. ಅವನ ತಂದೆಯವರ ಗಡಿಯಾರದ ಪೆಟ್ಟಿಗೆಯಂಗಡಿ ಇದ್ದದ್ದೂ ಅಲ್ಲೇ. ಮರುವರ್ಷ ತಂದೆಯವರೂ ಹೋದರು. ಉಳಿದದ್ದು ಎರಡು ಫೋಟೊ; ಅದರಲ್ಲಿ ಒಂದರ ತುಂಬ ಚಿಕ್ಕಪ್ಪನ ಹೊಸ ಸ್ಕೂಟರು. ಆದಕಾರಣ, ಒಂಬತ್ತು ವರ್ಷಗಳ ಹಿಂದೆ ಅರ್ಜಿದಾರನು ಆ ಓಣಿಯನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟಲು ಶುರು ಮಾಡಿದನು. ಆಟಗಳಲ್ಲಿ ಜನ ಬಂದೂಕು ಹಿಡಿದು ಬೀದಿ ಬೀದಿ ಸುತ್ತುವುದಿಲ್ಲವೇ, ಹಾಗೆ ತನ್ನ ತಾಯಿ ಬರಿಗೈಯಲ್ಲಿ ಆ ಓಣಿ ಸುತ್ತಲಿ ಎಂಬುದು ಆಸೆ.

ಗೋಡೆ, ಹೆಂಚು, ಬಾಗಿಲು ಎಲ್ಲ ಎದ್ದವು. ಬೆಳಕೊಂದು ಬಾಕಿ. ಸಂಜೆ ನಾಲ್ಕರ ಬಿಸಿಲು ಹೆಂಚಿನಿಂದ ಜಾರಿ, ತಂದೆಯವರ ಗಡಿಯಾರಗಳ ಗಾಜಿಗೆ ತಾಗಿ, ಎದುರು ಗೋಡೆಯ ಮೇಲೆ ಕುಣಿಯಬೇಕಿತ್ತು. ಇದ್ದ ಕಾರ್ಡಿಗೆ ಅಷ್ಟು ತಾಕತ್ತಿರಲಿಲ್ಲ. ಮುಂದಿನದಕ್ಕೆ ಇರುತ್ತದೆ ಅಂದರು. ಅದು ಬಂದ ಮೇಲೆ, ಇದಕ್ಕಿಂತ ಇನ್ನೊಂದು ಚೆನ್ನಾಗಿ ಮಾಡುತ್ತದೆ ಅಂದರು. ಹೀಗೆ ನಾಲ್ಕು ತಲೆಮಾರು ಕಳೆಯಿತು. ಅರೆಬರೆ ತೋರಿಸಬಾರದೆಂದು ಅರ್ಜಿದಾರನು ತಾಯಿಗೆ ಒಂದು ಸಲವೂ ತೋರಿಸಲಿಲ್ಲ.

3. ಸದರಿ ತಾಯಿ ಲ್ಯಾವೊ ಆ-ತಾವೊ, ವಯಸ್ಸು ಎಪ್ಪತ್ತೆಂಟು, ಇಂಥವೇ ಕಾರ್ಡುಗಳ ಹಸಿರು ಹಲಗೆ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಭೂತಗನ್ನಡಿಯಡಿ ಹಲಗೆ ಹಿಡಿದು, ಬೆಸುಗೆ ಕೆಟ್ಟಿದ್ದ ಕಡೆ ಅಕ್ಕಿಕಾಳಿನಷ್ಟು ಚಿಕ್ಕ ಕೆಂಪು ಬಾಣದ ಚೀಟಿ ಅಂಟಿಸುವುದು ಅವರ ಕೆಲಸ. ಅಂದರೆ ತಪ್ಪು ಹುಡುಕುವುದು. ಈ ವಿದ್ಯೆಯನ್ನು ಅವರು ಮನೆಗೂ ತಂದಿದ್ದರು ಎಂಬುದಕ್ಕೆ ಅರ್ಜಿದಾರನ ಬಾಲ್ಯವೇ ಸಾಕ್ಷಿ. ಈಗ ಅದೇ ಕಣ್ಣುಗಳು ಕೈಕೊಟ್ಟಿವೆ. ಎಡಗಣ್ಣಿನ ನಡುಭಾಗ ಆಗಲೇ ಮಸಿ. ಬಲಗಣ್ಣು ಎಂಟನೇ ತಿಂಗಳ ಹುಣ್ಣಿಮೆಗೆ ಬರುವ ಚಂದ್ರನ ಹಬ್ಬದವರೆಗೂ ಉಳಿಯುವುದಿಲ್ಲ ಎಂದು ಕಳೆದ ವರ್ಷ ಡಾಕ್ಟರು ಹೇಳಿದರು. ಆ ಓಣಿಯನ್ನು ಬಲ್ಲವರು ಲೋಕದಲ್ಲಿ ಅವರೊಬ್ಬರೇ.

4. ಉಲ್ಲೇಖ 1ರ ಅರ್ಜಿಯಲ್ಲಿ, ಹೊಸ ಕಾರ್ಡನ್ನು ಬೇಗ ಬಿಡುಗಡೆ ಮಾಡಿಸಬೇಕೆಂದು ಕೋರಲಾಗಿತ್ತು. ಮರದ ಜೋಡಿ ತುಂಡುಗಳನ್ನು ತಮ್ಮ ಮುಂದೆ ನೆಲಕ್ಕೆ ಹಾಕಿದಾಗ ಎರಡೂ ಅಂಗಾತ ಬಿದ್ದವು. ಹಾಗೆ ಬಿದ್ದರೆ ದೇವರು ನಕ್ಕ ಎಂದು ಅರ್ಥ. ನಗುವಂಥದ್ದೇ ಅರ್ಜಿ ಎಂದು ಅರ್ಜಿದಾರನೂ ಒಪ್ಪುತ್ತಾನೆ.

5. ಉಲ್ಲೇಖ 2ರ ಅರ್ಜಿಯಲ್ಲಿ, ತಾಯಿಯ ಕಣ್ಣನ್ನು ‘ಹೊಸ ಕಾರ್ಡು ಬರುವ ತನಕ’ ಉಳಿಸಿಕೊಡಬೇಕೆಂದು ಕೋರಲಾಯಿತು. ಒಂದು ತುಂಡು ಅಂಗಾತ, ಒಂದು ಬೋರಲು, ಅದೂ ಮೂರು ಸಲ ಬೆನ್ನುಬೆನ್ನಿಗೆ. ಪೂರ್ತಿ ಒಪ್ಪಿಗೆ. ಅರ್ಜಿದಾರನು ಕುಣಿದಾಡಿದನು. ಕಾರ್ಡು ಏಳನೇ ತಿಂಗಳಿಗೆ ಬರುವುದೆಂದು ಆಗ ಎಲ್ಲರ ಬಾಯಲ್ಲಿತ್ತು. ಆಮೇಲೆ ಅದು ಮುಂದಕ್ಕೆ ಹೋಯಿತು. ಮತ್ತೂ ಮುಂದಕ್ಕೆ ಹೋಯಿತು. ಇಡೀ ಮಾರುಕಟ್ಟೆ ಹಲ್ಲು ಕಡಿಯಿತು. ಇತ್ತ ಚಂದ್ರನ ಹಬ್ಬ ಬಂತು, ಹೋಯಿತು, ಹೊಸ ವರ್ಷವೂ ಕಳೆಯಿತು. ತಾಯಿಯ ಬಲಗಣ್ಣು ಇದ್ದ ಹಾಗೇ ಇದೆ. “ಏನೋ ನಿಂತುಬಿಟ್ಟಿದೆಯಲ್ಲ!” ಎಂದು ಡಾಕ್ಟರು ಟಾರ್ಚು ಬಿಟ್ಟು ಬಿಟ್ಟು ನೋಡಿದರು. ಯಾಕೆ ನಿಂತಿದೆಯೆಂದು ಅರ್ಜಿದಾರನಿಗೆ ಗೊತ್ತಿತ್ತು. ತಾತ, ತಾವು ಮಾತಿಗೆ ತಪ್ಪಿರಲಿಲ್ಲ.

6. ಅಂದಿನಿಂದ ಅರ್ಜಿದಾರನಿಗೆ ನಿದ್ದೆ ಇಲ್ಲ. ಕಾರ್ಡು ಬಂದ ದಿನ ಕಣ್ಣಿನ ಅವಧಿ ಮುಗಿಯುತ್ತದೆ. ಷರತ್ತು ಬರೆದದ್ದು ತಾವಲ್ಲ, ಅವನೇ, ತನ್ನ ಕೈಯಾರೆ. ಕಳೆದ ಹದಿನಾರರಂದು ಎಲ್ಲ ಮಳಿಗೆಯವರೂ ಸೇರಿ, ಕಾರ್ಡು ಬೇಗ ಬರಲೆಂದು ಊದುಬತ್ತಿ ಹಿಡಿದು ತಮ್ಮ ಮುಂದೆ ಸಾಲು ನಿಂತಾಗ ಅರ್ಜಿದಾರನೂ ನಿಂತಿದ್ದನು. ವೈರು, ಕೇಬಲ್ಲು ಮಾರುವ ಪೆಂಗ್ ಅಕ್ಕನವರು ಪಕ್ಕದಲ್ಲಿದ್ದರು.

“ಏನಯ್ಯಾ, ಎಲ್ಲರೂ ಬರಲಿ ಬರಲಿ ಅಂತ ಕೈ ಮುಗೀತಿದ್ರೆ ನೀನು ಬೇಡ ಬೇಡ ಅಂತ ಗೊಣಗ್ತಿದ್ದೀಯ?”

“ಇಲ್ಲಕ್ಕ, ಕೆಮ್ಮು.”

“ಕೆಮ್ಮಂತೆ! ಊರಿಗೆ ಒಂದು ದಾರಿಯಾದ್ರೆ ಎಡವಟ್ಟನಿಗೆ ಒಂದು ದಾರಿ.”

ಆಮೇಲೆ ವಿಷಯ ತಿಳಿದಾಗ ಅವರು ತಮ್ಮ ಪಾಲಿನ ಪ್ರಸಾದದ ಅನಾನಸ್ ಕೇಕನ್ನು ತಾಯಿಗೆಂದು ಕಟ್ಟಿಕೊಟ್ಟರು.

7. ಈ ಹಂತದಲ್ಲಿ ಅರ್ಜಿದಾರನ ಒಂದು ಗಂಭೀರ ಕರ್ತವ್ಯಲೋಪವನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ. ಯಂತ್ರ ಮೊಂಡು ಹಿಡಿಯದಿರಲೆಂದು ಅದರ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ಕುರುಕಲು ಇಡುವುದು ನಮ್ಮೆಲ್ಲರ ಪದ್ಧತಿ. ಹಸಿರೇ ಆಗಬೇಕು, ಒಡೆದಿರಬಾರದು, ತಾರೀಖು ಮೀರಿರಬಾರದು. ಅರ್ಜಿದಾರನು ಹೇಗೂ ಹೊಸ ಕಾರ್ಡು ಬರುತ್ತದಲ್ಲ, ಆಗ ಪೊಟ್ಟಣವನ್ನೂ ಬದಲಾಯಿಸಿದರಾಯಿತೆಂದು ಮನೆಯ ಕಂಪ್ಯೂಟರಿನ ಮೇಲೆ ಎರಡು ವರ್ಷದ ಹಿಂದಿನದನ್ನೇ ಬಿಟ್ಟಿದ್ದನು. ಹೋದ ತಿಂಗಳ ಒಂದು ಮಧ್ಯಾಹ್ನ ಅವನು ಮನೆಗೆ ಬಂದಾಗ ತಾಯಿಯವರು ಅವನ ಕುರ್ಚಿಯಲ್ಲಿ ಕೂತು ಏನೋ ಅಗಿಯುತ್ತಿದ್ದರು.

“ಆ-ಫಾ, ಇದು ಯಾವ ಕಾಲದ್ದೋ? ಚಪ್ಪಲಿ ತಿಂದ ಹಾಗಿದೆ.”

“ಅಮ್ಮಾ! ಅದು ಯಂತ್ರದ್ದು! ತಿನ್ನಬಾರದು ಅದನ್ನ!”

“ಯಂತ್ರ ಎರಡು ವರ್ಷದಿಂದ ತಿಂದಿರಲಿಲ್ಲವಲ್ಲ. ನನಗೆ ಹಸಿವಾಯ್ತು, ತಿಂದೆ. ಅದಿರಲಿ, ಇದೇನಿದು? ನಮ್ಮ ಓಣಿ ಇದ್ದ ಹಾಗಿದೆಯಲ್ಲ.”

ಪೊಟ್ಟಣ ಎಳೆಯುವಾಗ ಅವರ ಕೈ ಕೀಲಿಗಳಿಗೆ ತಾಗಿ ಪರದೆ ಎಚ್ಚರವಾಗಿತ್ತು. ಓಣಿ ಬೂದು ಬೂದಾಗಿ, ಬೆಳಕಿಲ್ಲದೆ, ಬಾಯಿ ಬಿಟ್ಟುಕೊಂಡು ನಿಂತಿತ್ತು. ತಾಯಿಯವರು ಕೋಳಿಯಂತೆ ಕತ್ತು ಓರೆ ಮಾಡಿ ಬಲಗಣ್ಣಲ್ಲಿ ನೋಡುತ್ತಿದ್ದರು. ಅರ್ಜಿದಾರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಇನ್ನೂ ಮುಗಿದಿಲ್ಲಮ್ಮ. ಬಿಸಿಲು ಹಾಕಬೇಕು. ಹೊಸ ಕಾರ್ಡು ಬಂದ ಮೇಲೆ ಚೆನ್ನಾಗಿ ತೋರಿಸೋಣ ಅಂತ...”

“ಬಿಸಿಲಾ? ಯಾವ ಬಿಸಿಲೋ? ಆ ಓಣಿಗೆ ಒಂದು ದಿನ ಬಿಸಿಲು ಬಿದ್ದಿದ್ದಿಲ್ಲ! ಈ ಕಡೆ ರೈಲಿನ ಗೋಡೆ, ಆ ಕಡೆ ಮೂರಂತಸ್ತು. ನಿನ್ನ ಚಡ್ಡಿ ಒಣಗಿಸೋಕೆ ಹಳಿ ದಾಟಿ ಹೋಗ್ತಿದ್ದೆ ನಾನು.”

ಒಂಬತ್ತು ವರ್ಷ. ನಾಲ್ಕು ತಲೆಮಾರಿನ ಕಾರ್ಡು. ಅರ್ಜಿದಾರನು ಅಲ್ಲೇ ನೆಲದ ಮೇಲೆ ಕೂತುಬಿಟ್ಟನೆಂಬುದನ್ನು ದಾಖಲಿಸಲಾಗಿದೆ.

8. ತಾಯಿಯವರು ಎದ್ದುಹೋಗಿ ತಮ್ಮ ಬೀರುವಿನಿಂದ ಏನೋ ತಂದರು. ಕಾರ್ಖಾನೆಯ ಕೆಂಪು ಬಾಣದ ಚೀಟಿಗಳ ಸುರುಳಿ. ನಿವೃತ್ತಿಯಾಗುವಾಗ ಎಲ್ಲರಿಗೂ ಥರ್ಮಾಸ್ ಕೊಟ್ಟಿದ್ದರು. ಇವರು ಇದನ್ನೂ ತಂದಿದ್ದರು. “ನಡೆಸು,” ಎಂದರು. ಅರ್ಜಿದಾರ ಓಣಿಯಲ್ಲಿ ನಡೆಸಿದ. “ನಿಲ್ಲು.” ಪರದೆಯ ಗಾಜಿನ ಮೇಲೆ ಒಂದು ಬಾಣ. “ನೀರಿನ ಹಂಡೆ ಎಡಕ್ಕಿತ್ತು.” ಇನ್ನೊಂದು ಬಾಣ. “ಈ ಬಾಗಿಲಿಗೆ ಬಣ್ಣವೇ ಇರಲಿಲ್ಲ.” ಚಿತ್ರ ಮುಂದೆ ಹೋದರೂ ಬಾಣ ಅಲ್ಲೇ ಉಳಿದು, ಹಂಡೆಯ ಬಾಣ ಪಕ್ಕದ ಮನೆ ನಾಯಿಗೆ ತಾಗುತ್ತಿತ್ತು. “ಅಲುಗಾಡಿಸಬೇಡವೋ!” ಎಂದು ಬೈದರು. ಅರ್ಜಿದಾರನು ಒಂದೊಂದನ್ನೂ ಬರೆದುಕೊಂಡನು. ಒಟ್ಟು ನಲವತ್ತಮೂರು.

ನಲವತ್ತಮೂರನೆಯದು ಗಡಿಯಾರದ ಅಂಗಡಿಯ ಮುಂದೆ.

“ಇದ್ಯಾರು ನಿಂತಿರೋದು?”

“ಅಪ್ಪ.”

ತಾಯಿಯವರು ಬಹಳ ಹೊತ್ತು ನೋಡಿದರು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು.

“ಇಷ್ಟು ಎತ್ತರ ಎಲ್ಲಿದ್ರೋ ನಿಮ್ಮಪ್ಪ? ನನ್ನ ಕಿವಿವರೆಗೆ ಬರ್ತಿದ್ರು, ಅಷ್ಟೆ.” ಆಮೇಲೆ ನಕ್ಕರು. “ಬಾಗಿಲೂ ಎತ್ತರ, ಗೋಡೆನೂ ಎತ್ತರ. ಎಲ್ಲಾನೂ ಕೆಳಗಿಂದ ನೋಡಿ ಕಟ್ಟಿದ್ದೀಯ ಕಣೋ. ಆವಾಗ ನೀನು ಇಷ್ಟೇ ಇದ್ದೆ.” ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದರು.

ತಂದೆಯವರ ತಲೆಯ ಮೇಲೆ ಬಾಣ ಅಂಟಿಸಿ, ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಹೇಳಿದರು: “ಇದನ್ನ ಕೊನೆಗೆ ಸರಿ ಮಾಡು. ಅಲ್ಲೀವರೆಗೆ ಎತ್ತರವೇ ಇರಲಿ.”

9. ಅಂದಿನಿಂದ ದಿನವೂ ತಪಾಸಣೆ ನಡೆದಿದೆ. ಅರ್ಜಿದಾರ ಹನ್ನೆರಡು ತಪ್ಪು ತಿದ್ದಿದರೆ ತಾಯಿಯವರು ಹೊಸದಾಗಿ ಒಂಬತ್ತು ಹುಡುಕಿದ್ದಾರೆ. ಅನ್ನ ಸರಿಯಾಗಿ ಸೇರುತ್ತಿದೆ. ಬೈಗುಳ ಹಳೆಯ ಮಟ್ಟಕ್ಕೆ ಬಂದಿದೆ. ಆದರೆ ಹೊಸ ಕಾರ್ಡು ಮುಂದಿನ ತಿಂಗಳ ಐದಕ್ಕೆ ಖಂಡಿತ ಬರುತ್ತದೆಂದು ನಿನ್ನೆ ಪ್ರಕಟವಾಯಿತು. ಮಾರುಕಟ್ಟೆಯಲ್ಲಿ ಪಟಾಕಿ ಹೊಡೆದರು. ಅರ್ಜಿದಾರನು ಮಳಿಗೆಯ ಶಟರು ಅರ್ಧ ಎಳೆದು ಒಳಗೆ ಕೂತಿದ್ದನು. ಆಗ ಪೆಂಗ್ ಅಕ್ಕನವರು ಬಗ್ಗಿ ಒಳಗೆ ಬಂದು, “ಅಳ್ತಾ ಕೂತರೆ ಆಗುತ್ತಾ? ಷರತ್ತು ಬರೆದವನು ನೀನು, ತಿದ್ದುಪಡಿಗೂ ನೀನೇ ಬರೀಬೇಕು. ಎದ್ದೇಳು, ತಾತನ ಕಾಲು ಹಿಡಿ” ಎಂದರು. ಇದುವೇ ಉಲ್ಲೇಖ 3.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಗಾಗಿ, ತಾವು ದಯಮಾಡಿ:

(ಅ) ಉಲ್ಲೇಖ 2ರ ಮಂಜೂರಾತಿಯಲ್ಲಿ ‘ಹೊಸ ಕಾರ್ಡು ಬರುವ ತನಕ’ ಎಂಬುದನ್ನು ಹೊಡೆದುಹಾಕಿ, ‘ಓಣಿಯ ತಪ್ಪುಗಳೆಲ್ಲ ತಿದ್ದಿ ಮುಗಿಯುವ ತನಕ’ ಎಂದು ಓದಿಕೊಳ್ಳಬೇಕಾಗಿಯೂ,

(ಆ) ಕಾರ್ಡು ಬರಲಿ ಎಂಬ ಇತರ ಮಳಿಗೆಯವರ ಅರ್ಜಿಗೆ ಅರ್ಜಿದಾರನ ತಕರಾರು ಇನ್ನು ಮುಂದೆ ಇರುವುದಿಲ್ಲವೆಂದು ಷರಾ ಬರೆದುಕೊಳ್ಳಬೇಕಾಗಿಯೂ,

(ಇ) ತಾರೀಖು ಮೀರಿದ ಪೊಟ್ಟಣದ ಅಪರಾಧವನ್ನು ಅರ್ಜಿದಾರನ ಮೇಲೆ ಮಾತ್ರ ಹೊರಿಸಬೇಕಾಗಿಯೂ, ತಿಂದವರ ಮೇಲೆ ಹೊರಿಸಬಾರದಾಗಿಯೂ ಪ್ರಾರ್ಥನೆ.

ಮುಚ್ಚಳಿಕೆ: ಸದರಿ ತಪ್ಪುಗಳು ಯಾವ ಕಾಲಕ್ಕೂ ಮುಗಿಯದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರನದು. ನಲವತ್ತಮೂರನೇ ತಪ್ಪನ್ನು ಅವನು ಮುಟ್ಟುವುದಿಲ್ಲ. ಉಳಿದವನ್ನು ತಿದ್ದಿದ ದಿನವೇ ಅಷ್ಟೇ ಸಂಖ್ಯೆಯ ಹೊಸ ತಪ್ಪುಗಳನ್ನು ಶ್ರದ್ಧೆಯಿಂದ ಮಾಡುತ್ತಾನೆ. ಈ ವಿಷಯದಲ್ಲಿ ಅವನಿಗೆ ನಲವತ್ತು ವರ್ಷಕ್ಕೂ ಮೀರಿದ ಅನುಭವವಿದೆ. ಬೇಕಿದ್ದರೆ ತಾಯಿಯವರನ್ನೇ ವಿಚಾರಿಸಬಹುದು.

ತಮ್ಮ ವಿಶ್ವಾಸಿ,
ತಮ್ಮ ಗುಡಿಯ ನೆರಳಲ್ಲಿ ದಿನವೂ ಸ್ಕೂಟರ್ ನಿಲ್ಲಿಸುವವನು,
ಯೂ ಜೆನ್-ಫಾ

ಅಡಕಗಳು:
1. ತಪ್ಪುಗಳ ಪಟ್ಟಿ, ಈವರೆಗಿನದು, ನಾಲ್ಕು ಹಾಳೆ.
2. ಹಸಿರು ಪೊಟ್ಟಣ ಒಂದು, ಹೊಸದು, ತಾರೀಖು ಪರಿಶೀಲಿಸಿದೆ.
3. ಅಕ್ಕಿಹಿಟ್ಟಿನ ಸಿಹಿ ಉಂಡೆ ಆರು. ತಮ್ಮ ವಯಸ್ಸಿನ ದೃಷ್ಟಿಯಿಂದ ಮೆತ್ತಗಿರುವುದನ್ನೇ ತರಲಾಗಿದೆ.
4. ಕೆಂಪು ಬಾಣ ಒಂದು. ಈ ಅರ್ಜಿಯಲ್ಲಿ ತಪ್ಪು ಕಂಡರೆ ತಮ್ಮ ಬಳಕೆಗಾಗಿ.

ವಿಶೇಷ ಸೂಚನೆ: ಇಂದು ಬೆಳಿಗ್ಗೆ ಅರ್ಜಿದಾರನು ತಂದೆಯವರ ಅಂಗಡಿಯೊಳಗೆ ಒಂದು ಗೋಡೆ ಗಡಿಯಾರವನ್ನು ಬೇಕೆಂದೇ ತಲೆಕೆಳಗಾಗಿ ನೇತುಹಾಕಿದ್ದಾನೆ. ತಾವು ಎಲ್ಲವನ್ನೂ ಬಲ್ಲವರು. ಆದರೂ ಈ ಸಂಗತಿಯನ್ನು ಕನಸಿನಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಅಮ್ಮನಿಗೆ ತಿಳಿಸಬಾರದಾಗಿ ಕೋರಿಕೆ. ಅಮ್ಮನೇ ನೋಡಲಿ.