ಇನ್ನ ನಾಲ್ಕು ತೂತು

ಹಯಾತ್ ಸಾಬ್: ಗಾಲಿಗೆ ಎಂಟು ತೂತು ಸಾಕ್ರಿ. ಹೆಚ್ಚಿಗೆ ಹಾಕಾಂಗಿಲ್ಲ.

ಮೈಲಪ್ಪ: ಹಗುರ ಇದ್ದಷ್ಟೂ ಜೋರು ಓಡ್ತೈತೆ ಸಾಬ್ರೆ.

ಹಯಾತ್ ಸಾಬ್: ಓಡ್ತೈತೆ. ಗಾಲಿ ಒಂದ್ ಕಡೆ, ನೀವೊಂದ್ ಕಡೆ.

ಹರಿಹರದ ಸೇತುವೆ ಬಳಿ ಹಯಾತ್ ಸಾಬರ ಎರಕದ ಕುಲುಮೆ. ದಾವಣಗೆರೆಯ ಮೆಕ್ಯಾನಿಕ್ ಮೈಲಪ್ಪ ಹಳೇ ಮೋಟಾರು ಬಿಚ್ಚಿ ರೇಸ್ ಕಾರು ಕಟ್ಟಿದ್ದ. ಮುಂದಿನ ತಿಂಗಳು ಮದರಾಸಿನ ರೇಸು. ಕಬ್ಬಿಣದ ಗಾಲಿ ಭಾರವೆಂದು ಸಾಬರಿಂದ ಅಲ್ಯೂಮಿನಿಯಂ ಗಾಲಿ ಎರೆಸಿದ್ದ. ಸಾಬರು ಒಂದೊಂದನ್ನೂ ತಟ್ಟಿ ನಾದ ಕೇಳಿ, ನಾದ ಒಡೆದ ಎರಡನ್ನು ಕರಗಿಸಿ ಮತ್ತೆ ಎರೆದಿದ್ದರು.

ಸಾಬರ ಹೆಂಡತಿ ಹಜೀರಾಬೀ ಮುಂಜಾನೆಯ ಚಹಾ ತಂದರು.

ಹಜೀರಾಬೀ: ಜರಡಿ ಆರ್ಡರು ಯಾರ್ದು?

ಮೈಲಪ್ಪ: ಜರಡಿ ಅಲ್ಲವ್ವ, ಕಾರಿನ ಗಾಲಿ. ತೂಕ ಇಳಿಸ್ಬೇಕು.

ಆಕೆ ಮೈಲಪ್ಪನ ಹೊಟ್ಟೆಯನ್ನೊಮ್ಮೆ ನೋಡಿದರು.

ಹಜೀರಾಬೀ: ಗಾಲಿದೇ ಯಾಕ?

ಮೈಲಪ್ಪ ಚಹಾಕ್ಕೆ ಸಕ್ಕರೆ ಬೇಡವೆಂದ, ಹಟ ಮಾತ್ರ ಬಿಡಲಿಲ್ಲ. ಸಾಬರು ಕೊನೆಗೆ ಒಂದೊಂದು ಗಾಲಿಗೂ ಇನ್ನ ನಾಲ್ಕು ತೂತು ಕೊರೆದು ಕಾರಿಗೆ ಜೋಡಿಸಿದರು. ಆದರೆ ತಾವು ಮಾಡಿದ ಗಾಲಿ ಮುರಿದರೆ ಮೈಲಪ್ಪ ಒಬ್ಬನೇ ಯಾಕೆ ಬೀಳಬೇಕು ಎಂದು, ದಾವಣಗೆರೆವರೆಗೆ ತಾವೂ ಪಕ್ಕದಲ್ಲಿ ಕೂರುವುದಾಗಿ ಪಟ್ಟು ಹಿಡಿದರು.

ಊರು ದಾಟಿತು. ಕಾರು ಗಂಟೆಗೆ ಎರಡು ಮೈಲಿ ವೇಗ ಮೀರಲಿಲ್ಲ. ಭತ್ತದ ಎತ್ತಿನಗಾಡಿಯೊಂದು ಅವರನ್ನು ಹಿಂದೆ ಹಾಕಿತು. ಗಾಡಿಯವನು ತಿರುಗಿ ನೋಡಿ, ಎಳೆಯೋದಕ್ಕೆ ಹಗ್ಗ ಬೇಕೇ ಎಂದು ವಿಚಾರಿಸಿದ.

ಹಯಾತ್ ಸಾಬ್: ಯಾಕ್ರಿ ಇಷ್ಟು ನಿಧಾನ?

ಮೈಲಪ್ಪ: ರಸ್ತೆ ಸರಿ ಇಲ್ಲ.

ಹಯಾತ್ ಸಾಬ್: ರಸ್ತೆ ನೆಟ್ಟಗೈತೆ.

ಇನ್ನೊಂದು ಫರ್ಲಾಂಗು ಹೋದ ಮೇಲೆ ಮೈಲಪ್ಪ ಮುಂದಿನ ಗಾಲಿ ಕಡೆ ಬಗ್ಗಿ ನೋಡಿದ.

ಮೈಲಪ್ಪ: ನಿಜ ಹೇಳ್ರಿ ಸಾಬ್ರೆ. ಈ ಗಾಲಿ ತಡೀತಾವಾ?

ಹಯಾತ್ ಸಾಬ್: ನಾಲ್ಕು ತೂತಿನ ಮುಂಚೆ ಕೇಳಿದ್ರೆ ಹೂಂ ಅಂತಿದ್ದೆ.

ಮೈಲಪ್ಪ ಕಾರು ತಿರುಗಿಸಿದ. ಕುಲುಮೆ ಮುಂದೆ ಇಳಿದಾಗ ಅವನ ಅಂಗಿ ಬೆವರಿಗೆ ಅಂಟಿತ್ತು.

ಮೈಲಪ್ಪ: ಇವನ್ನ ಕರಗಿಸ್ರಿ. ಹೊಸಾವು ಎರೀರಿ. ತೂತು ನೀವು ಹೇಳಿದಷ್ಟೇ.

ಹಯಾತ್ ಸಾಬ್: ಆರು.

ಮೈಲಪ್ಪ: ಮುಂಜಾನೆ ಎಂಟು ತೂತು ಅಂದಿದ್ರಿ.

ಸಾಬರು ಕಾರಿನ ಬಾಗಿಲು ಹಿಡಿದು ಮೆಲ್ಲಗೆ ಇಳಿದರು.

ಹಯಾತ್ ಸಾಬ್: ಮುಂಜಾನೆ ನಾ ಇದರಾಗ ಕೂತಿರಲಿಲ್ಲ.