ಮೂವತ್ತೇಳನೆಯ ನಂಬರಿನವನ ಎಂಟನೆಯ ಪಂದ್ಯ

ನಲವತ್ತೇಳು ಜರ್ಸಿ ಒಗೆಯಲು ಹಾಕಿದರೆ ನಲವತ್ತೇಳೇ ಹೊರಗೆ ಬರಬೇಕು. ಇದರಲ್ಲಿ ವಾದಕ್ಕೆ ಜಾಗವಿಲ್ಲ. ಆದರೆ ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಡನ್‌ಮೋರ್ ವಿಶ್ವವಿದ್ಯಾಲಯದ, ಹೆಲ್ಮೆಟ್ ಹಾಕಿ ಚೆಂಡನ್ನು ಕೈಯಲ್ಲೂ ಎಸೆದು ಆಡುವ ಫುಟ್‌ಬಾಲ್ ತಂಡದ ಸಾಮಾನು ನೋಡಿಕೊಳ್ಳುವ ಕ್ಲೈಡ್ ರಾಫ್ಯೂಸ್ ಡ್ರೈಯರಿನ ಬಾಗಿಲು ತೆಗೆದಾಗ ನಲವತ್ತೆಂಟು ಬಂದವು. ಮೂರು ಸಲ ಎಣಿಸಿದ. ಮೂರು ಸಲವೂ ನಲವತ್ತೆಂಟು.

ಹೆಚ್ಚಿನದು ಯಾವುದೆಂದು ಹುಡುಕುವ ಕಷ್ಟವೇನೂ ಇರಲಿಲ್ಲ. ಉಳಿದವೆಲ್ಲ ಒಣಗಿ ಬೆಚ್ಚಗಿದ್ದವು. ಅದೊಂದು ಮಾತ್ರ ತೊಟ್ಟಿಕ್ಕುತ್ತಿತ್ತು. ಒಂದು ಗಂಟೆ ಬಿಸಿಗಾಳಿಯಲ್ಲಿ ಗಿರಗಿರ ತಿರುಗಿದ ಬಟ್ಟೆಯನ್ನು ಹಿಂಡಿದರೆ ಚೊಂಬು ನೀರು. ಕ್ಲೈಡ್ ಅದನ್ನು ನಾಲಿಗೆಗೆ ತಾಗಿಸಿ ನೋಡಿದ, ಯಾಕೆ ನೋಡಿದನೋ ಅವನಿಗೇ ಗೊತ್ತಿಲ್ಲ. ಉಪ್ಪು. ದಪ್ಪ ಹೆಣಿಗೆಯ ಹಳೇ ಕಾಲದ ಅಂಗಿ, ಬೆನ್ನ ಮೇಲೆ ಕೈಯಲ್ಲಿ ಹೊಲಿದ ನಂಬರು: ಮೂವತ್ತೇಳು. ತಂಡದಲ್ಲಿ ಈ ವರ್ಷ ಮೂವತ್ತೇಳನೆಯ ನಂಬರೇ ಇರಲಿಲ್ಲ. ಇದುವರೆಗೆ ಅಂಥ ಅಂಗಿ ಒಗೆಯಲು ಬಂದದ್ದೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಮೂಲೆಗೆಸೆದು ಕಾಫಿಗೆ ಹೋಗುತ್ತಿದ್ದರು. ಕ್ಲೈಡ್ ಮಾತ್ರ ತಪ್ಪಿದ ಎಣಿಕೆಯನ್ನು ಹಾಗೇ ಬಿಡುವವನಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವನು ಅರ್ಹತಾ ಪತ್ರವಿಲ್ಲದ ಹುಡುಗನೊಬ್ಬನ ಹೆಸರನ್ನು ಪಂದ್ಯದ ಪಟ್ಟಿಯಲ್ಲಿ ಬರೆದುಬಿಟ್ಟಿದ್ದ. ಕ್ರೀಡಾ ಒಕ್ಕೂಟದವರು ಆ ವರ್ಷದ ಗೆಲುವುಗಳನ್ನೆಲ್ಲ ಪುಸ್ತಕದಿಂದ ಅಳಿಸಿ ಹಾಕಿದರು. ಅಂದಿನಿಂದ ಊರಿನ ಕಾಫಿ ಅಂಗಡಿಯಲ್ಲಿ ಅವನು ರಬ್ಬರ್ ಕ್ಲೈಡ್. ಈ ವರ್ಷ ಎಂಟು ಪಂದ್ಯಗಳಲ್ಲಿ ಏಳು ಮುಗಿದು ನಾಲ್ಕು ಗೆದ್ದಿದ್ದರು. ಇಂದು ಮಧ್ಯಾಹ್ನ ಸೇಂಟ್ ಕೊಲಂಬಾದವರನ್ನೂ ಸೋಲಿಸಿದರೆ ಮುಂದಿನ ಸುತ್ತಿಗೆ ಹೋಗುತ್ತಾರೆ, ಆ ಹಾಳು ಹೆಸರೂ ತೊಲಗುತ್ತದೆ. ಕಾಗದಪತ್ರದಲ್ಲಿ ಇನ್ನೊಂದು ತಪ್ಪಾದರೆ ಕೆಲಸವೇ ತೊಲಗುತ್ತದೆ ಎಂದು ಕೋಚ್ ಕೋಮೋ ಆಗಸ್ಟಿನಲ್ಲೇ ಹೇಳಿಟ್ಟಿದ್ದ. ಸಾಲದ್ದಕ್ಕೆ ಒಕ್ಕೂಟದ ತಪಾಸಣಾಧಿಕಾರಿ ಗಾರ್ನೆಟ್ ಹೆಬ್ ಇವತ್ತೇ ಬರುವವನಿದ್ದ.

ಪಕ್ಕದ ಕೋಣೆಯಲ್ಲಿ ಡೆಬ್ ಸ್ಲಾನ್‌ವೈಟ್ ಆಟಗಾರರ ಕಾಲಿಗೆ ಸುತ್ತುವ ಪಟ್ಟಿಗಳನ್ನು ಜೋಡಿಸುತ್ತಿದ್ದಳು. ಉಳುಕಿದ ಕಾಲು, ಜಾರಿದ ಭುಜ ಎಲ್ಲ ಅವಳ ಇಲಾಖೆ.

"ಡೆಬ್, ಮೂವತ್ತೇಳು ಯಾರು?"

"ಆ ಮಾತಾಡದ ಹುಡುಗ ಅಲ್ವಾ? ಏಳು ಶನಿವಾರದಿಂದ ಕಾಲಿಗೆ ಪಟ್ಟಿ ಸುತ್ತುತಾ ಇದೀನಿ. ಐಸಲ್ಲಿಟ್ಟ ಮೀನಿನ ಥರ ಕೊರೆಯುತ್ತೆ ಕಾಲು. ರಕ್ತ ಸರಿಯಾಗಿ ಓಡ್ತಿಲ್ಲ, ಡಾಕ್ಟರಿಗೆ ತೋರ್ಸು ಅಂದೆ. ತಲೆ ಆಡಿಸಿದ."

"ನಾಡಿ ನೋಡಿದ್ಯಾ?"

"ಸಿಗಲಿಲ್ಲ. ನನ್ನ ಗಡಿಯಾರ ಕೆಟ್ಟಿರಬೇಕು ಅಂದ್ಕೊಂಡೆ," ಎಂದವಳು ಕೈಯಲ್ಲಿದ್ದ ಪಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಯಾಕೆ ಕ್ಲೈಡ್? ಯಾರವನು?"

ಪಂದ್ಯದ ಹೊತ್ತಿನಲ್ಲಿ ಸಾಮಾನಿನ ಪೆಟ್ಟಿಗೆಗಳಿಂದ ತಲೆಯೆತ್ತದ ಕ್ಲೈಡ್ ಕೋಚ್ ಕೋಮೋನ ಕೋಣೆಗೆ ಓಡಿದ. ಡೆಬ್ ಹಿಂದೆಯೇ ಬಂದಳು. ಕೋಮೋ ಮೇಜಿನ ಮೇಲೆ ಕಾಲು ಚಾಚಿ ಡೋನಟ್ ತಿನ್ನುತ್ತಿದ್ದ.

"ಮೂವತ್ತೇಳಾ? ಬಂಗಾರದಂಥ ಹುಡುಗ. ನೀನು ಕರ್ಕೊಂಡು ಬಂದವನು ಅಂದ್ಕೊಂಡಿದ್ದೆ. ಹೇಳಿದ ಜಾಗದಲ್ಲಿ ನಿಲ್ತಾನೆ, ಊಟ ಕೇಳಲ್ಲ, ಬಸ್ಸಲ್ಲಿ ಸೀಟೂ ಕೇಳಲ್ಲ. ಅಂಥವರು ಇನ್ನೂ ಹತ್ತು ಜನ ಇದ್ರೆ ತಾ."

"ಕೋಚ್, ಬಸ್ಸು ಹತ್ತದೆ ಬೇರೆ ಊರಿನ ಪಂದ್ಯಗಳಿಗೆ ಹೇಗೆ ಬಂದ?"

ಡೋನಟ್ ಬಾಯಿಯ ಹತ್ತಿರ ನಿಂತಿತು. "ಅದನ್ನ ನಾನು ಕೇಳಲಿಲ್ಲ ಮಾರಾಯ. ಗೆಲ್ತಾ ಇರುವಾಗ ಏನನ್ನೂ ಕೇಳಬಾರದು."

ಕ್ಲೈಡ್ ಏಳು ಪಂದ್ಯಗಳ ಪಟ್ಟಿಯ ಪ್ರತಿಗಳನ್ನು ತೆಗೆದು ಹರಡಿದ. ಒಂದು ಪಟ್ಟಿಗೆ ನಲವತ್ತೆಂಟು ಸಾಲು. ಡನ್‌ಮೋರಿನಲ್ಲಿ ಈ ವರ್ಷ ಆಟಗಾರರು ನಲವತ್ತೇಳೇ ಆದ್ದರಿಂದ ಕೊನೆಯ ಸಾಲನ್ನು ಅವನು ಖಾಲಿ ಬಿಟ್ಟಿದ್ದ. ಈಗ ಏಳರಲ್ಲೂ ಆ ಸಾಲು ತುಂಬಿತ್ತು. ಓರೆಯಾದ ಮುದ್ದಾದ ಅಕ್ಷರ: ೩೭, ಎವನ್ ಕ್ರೌಸ್. ಬೆರಳಿಟ್ಟರೆ ಶಾಯಿ ಇನ್ನೂ ಹಸಿ.

ಕೋಮೋನ ಮುಖ ಬಿಳಿಚಿಕೊಂಡಿತು. ಅವನು ಇಬ್ಬರನ್ನೂ ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋದ. ಅಲ್ಲಿ ಹಳೆಯ ತಂಡಗಳ ಫೋಟೋಗಳ ಸಾಲು. ೧೯೬೧ರ ಫೋಟೋದಲ್ಲಿ ಎರಡನೆಯ ಸಾಲಿನ ತುದಿಯಲ್ಲಿ ಅಗಲ ಕಿವಿಯ ಒಬ್ಬ ಹುಡುಗ, ಎದೆಯ ಮೇಲೆ ಮೂವತ್ತೇಳು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಎವನ್ ಕ್ರೌಸ್, ಏಳು ಪಂದ್ಯ ಆಡಿದ. ಎಂಟನೆಯದಕ್ಕೆ ಮುಂಚೆ, ಅಪ್ಪನ ಮೀನಿನ ದೋಣಿಗೆ ಆಳು ಕಡಿಮೆಯಾಯಿತೆಂದು ಮನೆಗೆ ಹೋದವನು ದೋಣಿಯ ಸಮೇತ ಬಿರುಗಾಳಿಯಲ್ಲಿ ಕಾಣೆಯಾದ.

ಡೆಬ್ ಫೋಟೋದಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಆ ಅಂಗೀನ ಕಡಲಿಗೆ ಎಸೆದುಬಿಡು," ಎಂದಳು ಡೆಬ್.

"ಹುಚ್ಚಾ ನಿಂಗೆ? ಅವನಿಲ್ಲದೆ ಸೇಂಟ್ ಕೊಲಂಬಾನ ಸೋಲಿಸೋಕಾಗುತ್ತಾ?" ಎಂದ ಕೋಮೋ. "ಬಾಯಿ ಮುಚ್ಕೊಂಡು ಇರೋಣ. ಹೆಬ್ ಏನು ಮುಖ ನೋಡ್ತಾನಾ? ಬರೀ ಸಾಲು ಎಣಿಸ್ತಾನೆ."

"ಅರ್ಹತಾ ಪತ್ರ ಕೇಳಿದ್ರೆ?" ಎಂದ ಕ್ಲೈಡ್.

"ಕೇಳಿದ್ರೆ ನೀನಿದ್ದೀಯಲ್ಲ," ಎಂದು ಕೋಮೋ ಉಳಿದ ಡೋನಟ್ ಬಾಯಿಗಿಟ್ಟ.

ಕ್ಲೈಡ್ ಅಂಗಿಯನ್ನು ಎಲ್ಲಾದರೂ ಹೂತುಬಿಡುವುದೆಂದು ನಿರ್ಧರಿಸಿ, ಅದನ್ನು ತರಲು ಆಟಗಾರರ ಕೋಣೆಯ ಮೂಲಕ ಹೊರಟ. ಬಾಗಿಲಲ್ಲೇ ಕಾಲು ನಿಂತಿತು. ಸಿಮೆಂಟಿನ ನೆಲದ ಮೇಲೆ ಒದ್ದೆ ಹೆಜ್ಜೆಗಳು. ಬಾಗಿಲಿನಿಂದ ಕೊನೆಯ ಖಾಲಿ ಕಪಾಟಿನವರೆಗೆ ಹೋಗಿದ್ದವು. ಹಿಂತಿರುಗಿ ಬಂದಿರಲಿಲ್ಲ.

ಅಲ್ಲಿ ಬೆಂಚಿನ ಮೇಲೆ ಅವನು ಕುಳಿತಿದ್ದ. ಆ ಅಂಗಿ ಈಗ ಅವನ ಮೈಮೇಲಿತ್ತು. ತಲೆಗೆ ಮುಂದೊಂದೇ ಸರಳಿನ ಹಳೆಯ ಹೆಲ್ಮೆಟ್, ಅದರೊಳಗೆ ಮುಖವಿರಬೇಕಾದ ಕಡೆ ಕಡಲ ಮಂಜು ಮೆಲ್ಲಗೆ ಒಳಗೆ ಹೊರಗೆ ಆಡುತ್ತಿತ್ತು. ಅವನು ಏನನ್ನೋ ಮುಂದೆ ಚಾಚಿದ. ಹೆಲ್ಮೆಟ್ಟನ್ನು ಗದ್ದಕ್ಕೆ ಕಟ್ಟುವ ಪಟ್ಟಿ. ಗುಂಡಿ ಕಿತ್ತು ಹೋಗಿತ್ತು.

ಮೂವತ್ತು ವರ್ಷದ ಅಭ್ಯಾಸ ಎಂದರೆ ಹೀಗೆ. ಹೆದರಿಕೆ ಕ್ಲೈಡನ ಕಾಲಿಗೆ ಇಳಿಯುವ ಮುಂಚೆ ಕೈ ಜೇಬಿನ ಇಕ್ಕಳಕ್ಕೆ ಹೋಗಿಯಾಗಿತ್ತು. ಹಲ್ಲು ಕಟಕಟ ಎನ್ನುತ್ತಿದ್ದರೂ ಗುಂಡಿ ಕೂರಿಸಿ ಕೊಟ್ಟ.

"ಎಂಟನೇದು ಇವತ್ತೇ ಅಲ್ವಾ ಸಾರ್?" ಬಾವಿಯೊಳಗಿನಿಂದ ಬಂದಂಥ ದನಿ.

"ಹೂಂ."

"ಅದೊಂದೇ ಉಳಿದಿರೋದು. ಮುಗಿಸಿ ಹೊರಟುಬಿಡ್ತೀನಿ."

"ಇಷ್ಟು ವರ್ಷ ಯಾಕಪ್ಪಾ ಬರಲಿಲ್ಲ?"

"ಪಟ್ಟೀಲಿ ಸಾಲು ಖಾಲಿ ಇರಲಿಲ್ಲ ಸಾರ್."

ಕ್ಲೈಡನ ಹೆದರಿಕೆ ಇಳಿದು ಮರುಕ ಹುಟ್ಟಿತು. ಆಡಿದ ಸೀಸನ್ನು ಪೂರ್ತಿಯಾಗದೆ ಉಳಿದರೆ ಹೇಗಿರುತ್ತದೆಂದು ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹೂಳುವುದೂ ಬೇಡ, ಮುಚ್ಚಿಡುವುದೂ ಬೇಡ. ಈ ಸಲ ಎಲ್ಲವೂ ನಿಯಮದ ಪ್ರಕಾರವೇ ಆಗಲಿ ಎಂದು ಅವನು ಹೊರಗೆ ಕವಿದಿದ್ದ ಮಂಜಿನಲ್ಲಿ ತಡವರಿಸುತ್ತ ದಾಖಲೆ ಕೋಣೆಗೆ ಹೊರಟ.

ಹಳೆಯ ವಿದ್ಯಾರ್ಥಿಗಳು ಬರುವ ವಾರವಾದ್ದರಿಂದ ವಿದ್ಯಾರ್ಥಿಗಳ ಕಡತ ನೋಡಿಕೊಳ್ಳುವ ಮರ್ಟಲ್ ಹಿಲ್ಟ್ಸ್ ಶನಿವಾರವೂ ಕೋಣೆ ತೆರೆದು ಕುಳಿತಿದ್ದರು. ವಯಸ್ಸು ಎಪ್ಪತ್ತೆಂಟು. ನಿವೃತ್ತಿಯ ಮಾತೆತ್ತಿದವರನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ, ಅಷ್ಟೆ. ಕ್ಲೈಡ್ ಹೆಸರು ಹೇಳಿದ. ಅವರು ಕಡತ ತೆಗೆದು ಓದಿದರು.

"ಎವನ್ ಕ್ರೌಸ್. ಇದ್ದಾನೆ. ಏನು ಬೇಕಿತ್ತು?"

"ಇದ್ದಾನಾ?"

"ಬಿಟ್ಟು ಹೋಗ್ತೀನಿ ಅಂತ ಅರ್ಜಿ ಕೊಟ್ಟಿಲ್ಲ. ಅರ್ಜಿ ಕೊಡದೆ ಇಲ್ಲಿಂದ ಯಾರೂ ಹೋದ ಹಾಗಲ್ಲ."

"ಸತ್ತು ಹೋಗಿದಾನಲ್ಲ ಮರ್ಟಲ್!"

"ಸತ್ತವರಿಗೆ ಬೇರೆ ಅರ್ಜಿ ಇದೆ. ಮನೆಯವರು ಸಹಿ ಹಾಕ್ಬೇಕು. ಮನೆಯವರೂ ದೋಣೀಲೇ ಇದ್ರು."

"ಆಡಬೇಕು ಅಂದ್ರೆ ಮೂರು ವಿಷಯ ಓದ್ತಿರಬೇಕಲ್ಲ?"

"ಲ್ಯಾಟಿನ್, ಗಣಿತ, ಭೂಗರ್ಭಶಾಸ್ತ್ರ. ಹಾಜರಿ ನೂರಕ್ಕೆ ನೂರು. ಕಿಟಕಿ ಪಕ್ಕದ ಬೆಂಚು ಯಾವಾಗ ನೋಡಿದ್ರೂ ಒದ್ದೆ ಅಂತ ಮೇಷ್ಟ್ರುಗಳು ದೂರು ಕೊಡ್ತಾನೇ ಇರ್ತಾರೆ. ಆದ್ರೆ ಹೆಸರು ಕೂಗಿದಾಗ 'ಇದ್ದೀನಿ ಸಾರ್' ಅಂತ ಕೇಳ್ಸುತ್ತಂತೆ. ಕೇಳಿಸಿದ ಮೇಲೆ ಹಾಜರಿ ಹಾಕದೆ ಇರೋಕಾಗುತ್ತಾ?"

ಮರ್ಟಲ್ ಅರ್ಹತಾ ಪತ್ರ ಬರೆದು ಮೊಹರು ಒತ್ತಿದರು. ಕ್ಲೈಡ್ ಅದನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

"ನಿಲ್ಲು. ಸೀಸನ್ನಿನ ಮಧ್ಯೆ ಹೊಸ ಪತ್ರ ಕೊಟ್ಟರೆ ಪಟ್ಟೀಲಿರೋ ಎಲ್ಲರ ಕಡತಾನೂ ಹೊಸದಾಗಿ ನೋಡ್ಬೇಕು, ಅದು ನಿಯಮ. ಪಂದ್ಯ ಮುಗಿಯೋ ಹೊತ್ತಿಗೆ ತಂದುಕೊಡ್ತೀನಿ."

"ಧಾರಾಳವಾಗಿ ನೋಡಿ," ಎಂದ ಕ್ಲೈಡ್. ಸತ್ತವನದೇ ಸರಿಯಾಗಿರುವಾಗ ಬದುಕಿರುವವರದಕ್ಕೇನು ಧಾಡಿ?

ಮೈದಾನದ ಅಂಚಿನಲ್ಲಿ ತಪಾಸಣಾಧಿಕಾರಿ ಹೆಬ್ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದ. ಪತ್ರವನ್ನು ಮೂಗಿನ ಹತ್ತಿರ ಹಿಡಿದು ಓದಿದ.

"ಹುಟ್ಟಿದ್ದು ೧೯೪೦ ಅಂತಿದೆ. ಇಪ್ಪತ್ತೈದು ದಾಟಿದವರು ಆಡೋ ಹಾಗಿಲ್ಲ."

"ಇವನಿಗೆ ಇಪ್ಪತ್ತೊಂದು ಸಾರ್. ಅಲ್ಲಿಗೇ ನಿಂತಿದೆ."

ಹೆಬ್ ತಲೆಯೆತ್ತಿದ. ನಾಲ್ಕು ಮಾರು ದೂರದಲ್ಲಿ ಮೂವತ್ತೇಳು ನಿಂತಿದ್ದ. ಉಳಿದವರ ಬಾಯಿಂದೆಲ್ಲ ಹಬೆ ಬರುತ್ತಿತ್ತು. ಅವನ ಬಾಯಿಂದ ಇಲ್ಲ. ಅವನ ಸುತ್ತ ಹುಲ್ಲಿನ ಮೇಲೆ ನೀರು ನಿಂತು, ಅದರಲ್ಲೊಂದು ಸಣ್ಣ ಏಡಿ ಅಡ್ಡಡ್ಡ ನಡೆಯುತ್ತಿತ್ತು. ಹೆಬ್ ಅದನ್ನೆಲ್ಲ ನೋಡಿ ಸೀನಿದ.

"ಮೊಹರು ಇದೆ ತಾನೆ? ಮೊಹರಿದ್ರೆ ನನ್ನದೇನೂ ತಕರಾರಿಲ್ಲ."

ಪಂದ್ಯ ಶುರುವಾಯಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪ್ರೇಕ್ಷಕರು ಶಬ್ದ ಕೇಳಿ ಚಪ್ಪಾಳೆ ತಟ್ಟುತ್ತಿದ್ದರು. ಚೆಂಡೆಸೆಯುವ ಹನ್ನೆರಡನೆಯ ನಂಬರಿನ ಬ್ರೈಸ್ ಕೈಜರ್ ಅಂದು ಮೈಮೇಲೆ ಬಂದವನಂತೆ ಆಡಿದ. ಅವನ ಮುಂದೆ ಗೋಡೆಯಾಗಿ ನಿಂತಿದ್ದವನು ಮೂವತ್ತೇಳು. ಅವನಿಗೆ ಗುದ್ದಿದ ಸೇಂಟ್ ಕೊಲಂಬಾದವರು ಒಬ್ಬೊಬ್ಬರಾಗಿ ತುಟಿ ನೀಲಿಯಾಗಿ, ಕಂಬಳಿ ಬೇಕೆಂದು ಹೊರಗೆ ಬಂದು ಕುಳಿತರು.

ಕೊನೆಯ ನಿಮಿಷದಲ್ಲಿ ಎರಡೂ ಕಡೆ ಹದಿನೇಳು. ಡನ್‌ಮೋರಿನವರು ಒದ್ದ ಚೆಂಡು ಗೋಲು ಕಂಬಗಳ ನಡುವೆ ಹಾಯದೆ ಪಕ್ಕಕ್ಕೆ ಹೋಯಿತು. ಆದರೆ ಈ ಆಟದಲ್ಲಿ ತಪ್ಪಿದ ಒದೆತವೂ ಪೂರ್ತಿ ದಂಡವಲ್ಲ. ಗೆರೆಯಾಚೆ ಬಿದ್ದ ಚೆಂಡನ್ನು ಎದುರಾಳಿ ಈಚೆ ತರಲಾರದೆ ಸಿಕ್ಕಿಬಿದ್ದರೆ ಒದ್ದವರಿಗೆ ಒಂದು ಅಂಕ. ಸೇಂಟ್ ಕೊಲಂಬಾದ ಓಟಗಾರ ಚೆಂಡು ಹಿಡಿದು ಮಂಜಿನೊಳಗೆ ಓಡಿದ್ದಷ್ಟೇ ಕಂಡಿತು. ಆಮೇಲೆ ಒಂದು ಚೀತ್ಕಾರ. ತೀರ್ಪುಗಾರ ಹೋಗಿ ನೋಡಿದರೆ ಅವನು ಗೆರೆಯಾಚೆಯೇ ಬಿದ್ದಿದ್ದ, ಎರಡೂ ಕಾಲಿಗೆ ಮೊಣಕಾಲಿನವರೆಗೆ ಕಡಲಪಾಚಿ ಸುತ್ತಿಕೊಂಡಿತ್ತು.

ಹದಿನೆಂಟು, ಹದಿನೇಳು. ಮೈದಾನವೆಲ್ಲ ಕುಣಿದಾಟ. ಮೂವತ್ತೇಳು ಕ್ಲೈಡನ ಕಡೆ ತಿರುಗಿ ಒಮ್ಮೆ ಕೈ ಎತ್ತಿ, ಕಡಲ ಕಡೆಯ ತುದಿಗೆ ನಡೆದು ಮಂಜಿನಲ್ಲಿ ಕರಗಿದ. ಕೋಮೋ ಕ್ಲೈಡನನ್ನು ಹೆಗಲ ಮೇಲೆ ಹೊತ್ತುಕೊಂಡ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕ್ಲೈಡ್ ಎಲ್ಲರೆದುರು ಅತ್ತ.

ಅಷ್ಟರಲ್ಲಿ ಮರ್ಟಲ್ ಕೊಡೆ ಹಿಡಿದು, ಹೆಬ್ ಜೊತೆ ಮೈದಾನ ದಾಟಿ ಬಂದರು.

"ಮೂವತ್ತೇಳು ಸರಿಯಾಗಿದೆ," ಎಂದರು ಮರ್ಟಲ್. "ಅಂಥ ವಿದ್ಯಾರ್ಥಿ ನಮ್ಮಲ್ಲಿ ಇನ್ನೊಬ್ಬನಿಲ್ಲ. ಹನ್ನೆರಡು ಸರಿಯಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲೇ ಸಂಖ್ಯಾಶಾಸ್ತ್ರ ಬಿಟ್ಟಿದಾನೆ. ಉಳಿದಿರೋದು ಎರಡೇ ವಿಷಯ."

"ಬೆಳಿಗ್ಗೆ ಎಂಟಕ್ಕೆ ಇಡ್ತಾರೆ ಆ ಕ್ಲಾಸನ್ನ. ಯಾರು ಏಳ್ತಾರೆ?" ಎಂದ ಬ್ರೈಸ್ ಕೈಜರ್, ತನ್ನದೇ ನ್ಯಾಯವೆಂಬಂತೆ.

ಹೆಬ್ ಪುಸ್ತಕ ತೆಗೆದ. "ಅವನು ಆಡಿದ ಎಂಟೂ ಪಂದ್ಯ ರದ್ದು. ಡನ್‌ಮೋರ್ ಈ ಸೀಸನ್ ಆಡೇ ಇಲ್ಲ ಅಂತ ಬರ್ಕೋತೀನಿ."

"ಕಡತಗಳನ್ನ ತೆಗೀದೆ ಇದ್ದಿದ್ರೆ ಇದು ಯಾರಿಗಾದ್ರೂ ಗೊತ್ತಾಗ್ತಿತ್ತಾ?" ಎಂದು ಕೋಮೋ ಕೇಳಿದ.

"ಇಲ್ಲಪ್ಪ. ಕ್ಲೈಡ್ ಬಂದು ಕೇಳಿದ್ದಕ್ಕೆ ತೆಗೆದೆ."

ಕೋಮೋ ಕ್ಲೈಡನನ್ನು ಮೀನಿನ ಬುಟ್ಟಿ ಇಳಿಸುವ ಹಾಗೆ ಕೆಳಗಿಳಿಸಿದ. "ಸೋಮವಾರ ಬೀಗದ ಕೈ ಕೊಟ್ಟು ಹೋಗ್ತಾ ಇರು," ಎಂದ.

ಆಗ ಕಡಲ ಕಡೆಯಿಂದ ಸದ್ದು ಕೇಳಿಸಿತು. ಚಪ್, ಚಪ್, ಚಪ್. ಒದ್ದೆ ಬೂಟಿನ ಸದ್ದು. ಎಲ್ಲರೂ ಅತ್ತ ತಿರುಗಿದರು. ಮಂಜು ಬಿಚ್ಚಿಕೊಂಡು ಮೂವತ್ತೇಳು ಬಂದು ಕ್ಲೈಡನ ಎದುರು ನಿಂತ.

"ಸಾರ್, ರದ್ದು ಅಂದ್ರೆ ನಾನು ಆಡಿದ್ದೂ ರದ್ದಾ?"

"ಹೌದಪ್ಪಾ."

"ಎಂಟರಲ್ಲಿ ಒಂದೂ ಲೆಕ್ಕಕ್ಕಿಲ್ವಾ?"

ಕ್ಲೈಡ್ ಇಲ್ಲವೆಂದು ತಲೆಯಾಡಿಸಿದ. ಹೋದ ಕೆಲಸಕ್ಕಿಂತ ಆ ಪ್ರಶ್ನೆ ಅವನಿಗೆ ಹೆಚ್ಚು ಸಂಕಟ ಕೊಟ್ಟಿತು. ಹುಡುಗ ಅಂಗಿಯ ತೋಳಿನ ನೀರು ಹಿಂಡಿದ.

"ಹಾಗಾದ್ರೆ ಮುಂದಿನ ವರ್ಷ ಮೊದಲಿಂದ ಆಡ್ತೀನಿ. ನೀವು ಇರ್ತೀರಲ್ಲ ಸಾರ್?"

ಕ್ಲೈಡ್ ಕೋಮೋನನ್ನು ನೋಡಿದ. ಕೋಮೋ ಡೆಬ್‌ಳ ಬೆನ್ನ ಹಿಂದೆ ನಿಂತಿದ್ದ.

"ಇರ್ತಾನೆ! ಎಲ್ಲಿಗೆ ಹೋಗ್ತಾನೆ?" ಎಂದು ಅಲ್ಲಿಂದಲೇ ಕೂಗಿದ. "ಬೀಗದ ಕೈ ಅವನ ಹತ್ರಾನೇ ಇರ್ಲಿ! ಸಾಯೋವರೆಗೂ ಇರ್ಲಿ!"

ಹುಡುಗನಿಗೆ ಸಮಾಧಾನವಾದಂತಿತ್ತು. ಮಂಜುಗಡ್ಡೆಯಂಥ ಕೈಯನ್ನು ಕ್ಲೈಡನ ಹೆಗಲ ಮೇಲಿಟ್ಟು ಗೇಟಿನ ಕಡೆ ಅವನ ಜೊತೆಗೇ ಹೆಜ್ಜೆ ಹಾಕಿದ.

"ಅಭ್ಯಾಸ ಶುರುವಾಗೋದು ಆಗಸ್ಟಿಗಲ್ವಾ? ಅಲ್ಲೀವರೆಗೆ ಮತ್ತೆ ಅಷ್ಟು ದೂರ ಯಾಕೆ ಹೋಗಿ ಬರೋದು," ಎಂದ. "ನಿಮ್ಮ ಮನೇಲಿ ಸ್ನಾನದ ತೊಟ್ಟಿ ಇದೆಯಾ ಸಾರ್?"